ಹರಾಜಿನಲ್ಲಿ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್ ಕೊಂಡೆ, ಬ್ಯಾಟರಿ ಜಾಗ ಖಾಲಿ! ಯಾರಾದರೂ ಜೀವ ತುಂಬಿಸಿದ್ದೀರಾ?

ರಟ್ಟಿನಡಬ್ಬ

ನಮಸ್ಕಾರ. ದಾಬಸ್‌ಪೇಟೆ ಹತ್ತಿರ ನಮ್ಮದು ರಟ್ಟಿನ ಡಬ್ಬ ಮಾಡುವ ಸಣ್ಣ ಕಾರ್ಖಾನೆ. ಕ್ರಾಫ್ಟ್ ಪೇಪರ್ ರೀಲ್‌ಗಳು ಬರುತ್ತವೆ, ಒಂದೊಂದು 600ರಿಂದ 1,200 ಕೆಜಿ. ಇಷ್ಟು ದಿನ ಬಾಡಿಗೆ ಡೀಸೆಲ್ ಫೋರ್ಕ್‌ಲಿಫ್ಟ್‌ನಲ್ಲೇ ನಡೆಯುತ್ತಿತ್ತು. ಶೆಡ್ ಒಳಗೆ ಅದು ಬಂದರೆ ಹೊಗೆ, ಎಲ್ಲರಿಗೂ ಕಣ್ಣುರಿ, ಸಂಜೆಗೆ ಮೂಗು ಒರೆಸಿದರೆ ಕರ್ಚೀಫು ಕಪ್ಪು. ಎಲೆಕ್ಟ್ರಿಕ್ ಕೊಳ್ಳೋಣ ಅಂತ ಹೊಸದರ ಕೊಟೇಷನ್ ತರಿಸಿದೆ. ಓದಿ ಮಡಚಿ ಡ್ರಾಯರ್‌ಗೆ ಹಾಕಿದೆ.

ಆಮೇಲೆ ಎಂಎಸ್‌ಟಿಸಿ (ಕೇಂದ್ರ ಸರ್ಕಾರದ ಹರಾಜು ಕಂಪನಿ) ಇ-ಹರಾಜಿನಲ್ಲಿ ಒಂದು ಸರ್ಕಾರಿ ಉದ್ಯಮದ ಹಳೇ ಸಾಮಾನಿನ ಪಟ್ಟಿ ಕಣ್ಣಿಗೆ ಬಿತ್ತು. ಯಾವ ಉದ್ಯಮ ಅಂತ ಕೇಳಬೇಡಿ, ಇನ್ನೂ ಅವರ ಗೇಟ್‌ಗೆ ಹೋಗುವ ಕೆಲಸ ಇದೆ. ಒಂದೂವರೆ ಟನ್, 48 ವೋಲ್ಟ್, ನಾಲ್ಕು ಚಕ್ರ, ಡಿಸಿ ಮೋಟರ್. 1,36,000ಕ್ಕೆ ನನಗೇ ಬಂತು. ಆಷಾಢದಲ್ಲಿ ಹೊಸದು ಕೊಳ್ಳಬೇಡ ಅಂದರು ಅಮ್ಮ. ಇದು ಹಳೇದಮ್ಮಾ ಅಂದೆ.

ಫೋಟೋದಲ್ಲಿ ಸೀಟು ಮುಚ್ಚಿತ್ತು. ನೋಡಲು ಹೋದ ದಿನ ಮಳೆ, ಗಾಡಿ ಟಾರ್ಪಾಲ್ ಕೆಳಗೆ. ನಾನು ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ನೋಡಿದೆ, ಟೈರ್ ನೋಡಿದೆ, ಸೀಟು ಎತ್ತಿ ನೋಡಲೇ ಇಲ್ಲ. ದುಡ್ಡು ಕಟ್ಟಿ, ಲಾರಿ ತಗೊಂಡು ಹೋಗಿ, ಸೀಟು ಎತ್ತಿದರೆ ಒಳಗೆ ಬರೀ ತೂತು. ಒಂದು ಹಲ್ಲಿ ಇತ್ತು ಅಷ್ಟೇ. ಬ್ಯಾಟರಿ ಎಲ್ಲಿ ಅಂದರೆ "ಲಾಟ್ ವಿವರ ಓದಿಲ್ವಾ ಸಾರ್" ಅಂದರು. ಓದಿದೆ. ಮೂರನೇ ಸಾಲಿನಲ್ಲಿತ್ತು, "ಬ್ಯಾಟರಿ ಹೊರತುಪಡಿಸಿ" ಅಂತ.

ಮುಂದೇನು ಮಾಡಲಿ ಹೇಳಿ. ಬೈಯುವವರು ಬೈದ ಮೇಲೆ ಒಂದು ಸಾಲು ಉಪಾಯವನ್ನೂ ಬರೆಯಿರಿ.

ಹಳೇ ಸ್ಟೋರ್‌ಕೀಪರ್

ಬೈಯುವುದಿಲ್ಲ ಸ್ವಾಮಿ. 31 ವರ್ಷ ಸರ್ಕಾರಿ ಸ್ಟೋರ್ಸ್‌ನಲ್ಲಿದ್ದವನು ನಾನು, ಇಂಥ ಲಾಟ್‌ಗಳ ಪಟ್ಟಿ ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ಬ್ಯಾಟರಿ ಯಾರೂ ಕದ್ದಿಲ್ಲ. ಹಳೇ ಸೀಸದ ಬ್ಯಾಟರಿಯನ್ನು ಸಿಕ್ಕವರಿಗೆ ಮಾರುವ ಹಾಗಿಲ್ಲ. 2001ರಲ್ಲೇ ಅದಕ್ಕೆ ನಿಯಮ ಬಂತು, ಈಗ ಅದರ ಜಾಗದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಿವೆ. ನೋಂದಾಯಿತ ರೀಸೈಕ್ಲರ್‌ಗೇ ಹೋಗಬೇಕು. ಹಾಗಾಗಿ ಬ್ಯಾಟರಿ ಬಿಚ್ಚಿ ಬೇರೆ ಲಾಟ್ ಮಾಡುತ್ತಾರೆ, ಗಾಡಿ ಬೇರೆ ಲಾಟ್. ಆಡಿಟ್‌ನವರಿಗೆ ಉತ್ತರ ಹೇಳುವವರು ಸ್ಟೋರ್ಸ್‌ನವರೇ ತಾನೇ.

ಇನ್ನೊಂದು ಮಾತು. ಸರ್ಕಾರಿ ಕಡೆ ಗಾಡಿ ಹರಾಜಿಗೆ ಬರುವುದು ಕೆಟ್ಟಿತು ಅಂತಲೇ ಅಲ್ಲ. ಬ್ಯಾಟರಿ ಸತ್ತಿರುತ್ತದೆ, ಹೊಸ ಬ್ಯಾಟರಿಗೆ ಮಂಜೂರಾತಿ ಸಿಗುವುದಿಲ್ಲ, ಗಾಡಿ ಮೂಲೆಗೆ ಬೀಳುತ್ತದೆ, ಐದಾರು ವರ್ಷ ಆದ ಮೇಲೆ "ದುರಸ್ತಿ ಲಾಭದಾಯಕವಲ್ಲ" ಅಂತ ಷರಾ ಬೀಳುತ್ತದೆ. ಮೋಟರ್, ಪಂಪ್, ಗೇರ್‌ಬಾಕ್ಸ್ ಕಡಿಮೆ ಓಡಿರುತ್ತವೆ. ನಿಮ್ಮದೂ ಅಂಥದ್ದೇ ಇರಬಹುದು. ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಎಷ್ಟು ತೋರಿಸುತ್ತದೆ?

ರಟ್ಟಿನಡಬ್ಬ

4,312 ಗಂಟೆ ಸರ್. ಕರೆಂಟ್ ಇಲ್ಲದಿದ್ದರೂ ಕಾಣುತ್ತದೆ, ಹಳೇ ಕಾಲದ ಚಕ್ರ ತಿರುಗುವ ಮೀಟರ್.

ಗುಜರಿ ಗುಂಡ

4,312 ನಂಬಬೇಡಿ, ಮೀಟರ್ ಬದಲಾಯಿಸಿರುತ್ತಾರೆ ಎಷ್ಟೋ ಕಡೆ. ಪೆಡಲ್ ರಬ್ಬರ್ ನೋಡಿ, ಸ್ಟೀರಿಂಗ್ ಗುಂಡಿ ನೋಡಿ, ಸೀಟಿನ ಎಡ ಅಂಚು ನೋಡಿ. ಡ್ರೈವರ್ ಹತ್ತಿ ಇಳಿದು ಸವೆಯುವ ಜಾಗ ಅದು. ಸೀಟಿನ ಅಂಚು ಹರಿದು ಸ್ಪಂಜ್ ಹೊರಗೆ ಬಂದಿದ್ದರೆ 4,000 ಗಂಟೆ ಅಲ್ಲ, ಹತ್ತು ಸಾವಿರದ ಮೇಲೆ.

ಮತ್ತೆ 1,36,000 ಜಾಸ್ತಿ ಆಯಿತು ಗುರು. ಬ್ಯಾಟರಿ ಇಲ್ಲದ ಗಾಡಿಗೆ ನಾವು ಕಬ್ಬಿಣದ ತೂಕದ ಲೆಕ್ಕ ಹಾಕುತ್ತೇವೆ. ಒಂದೂವರೆ ಟನ್ನಿನ ಗಾಡಿ, ಬ್ಯಾಟರಿ ಬಿಟ್ಟು ಎರಡು ಟನ್ ಮೇಲೆ ತೂಗುತ್ತದೆ, ಅದರಲ್ಲಿ ಹಿಂದಿನ ಕೌಂಟರ್‌ವೇಟ್ (ಸಮತೂಕದ ಗುಂಡು) ಬೀಡು ಕಬ್ಬಿಣ, ಮೋಟರ್‌ನಲ್ಲಿ ತಾಮ್ರ. ಅದರ ಮೇಲೆ ಒಂದು ರೂಪಾಯಿ ಜಾಸ್ತಿ ಕೂಗುವವನು ಓಡಿಸಲು ತಗೊಳ್ಳುವವನು ಅಂತ ನಮಗೆ ಗೊತ್ತಾಗುತ್ತೆ. ಆಗ ನಾವೂ ಎರಡು ಸಲ ಏರಿಸಿ ಬಿಡುತ್ತೇವೆ. ಬೇಜಾರು ಮಾಡ್ಕೋಬೇಡಿ.

ರಟ್ಟಿನಡಬ್ಬ

ಓ, ಆ ಕೊನೆ ಎರಡು ಬಿಡ್ ನಿಮ್ಮದೇನಾ!

ಗುಜರಿ ಗುಂಡ

ನಮ್ಮ ಜಾತಿಯವರದ್ದು 😄

ಹೊಸಬ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಈ ಹರಾಜಿಗೆ ಸಾಮಾನ್ಯ ಜನ ಹೋಗಬಹುದಾ? ಹೇಗೆ ನಡೆಯುತ್ತೆ?

ಹಳೇ ಸ್ಟೋರ್‌ಕೀಪರ್

ಹೋಗಬಹುದು. ಮೊದಲು ಖರೀದಿದಾರರಾಗಿ ನೋಂದಣಿ ಮಾಡಿಸಬೇಕು, ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ವಿವರ ಎಲ್ಲ ಕೊಡಬೇಕು. ಪ್ರತಿ ಹರಾಜಿಗೂ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಮಾಲು ಎಲ್ಲಿದೆ, ಯಾವ ದಿನ ನೋಡಬಹುದು, ಇಎಂಡಿ (ಮುಂಗಡ ಠೇವಣಿ) ಎಷ್ಟು, ಎಷ್ಟು ದಿನದಲ್ಲಿ ಎತ್ತಬೇಕು ಎಲ್ಲ ಇರುತ್ತದೆ. ಜನ ಬೆಲೆ ಕಾಲಂ ಮಾತ್ರ ಓದುತ್ತಾರೆ, ಷರತ್ತು ಓದುವುದಿಲ್ಲ.

ಮಾಲು "ಇದ್ದಲ್ಲಿ ಇದ್ದ ಹಾಗೆ, ದೂರಿಲ್ಲದಂತೆ" ಮಾರುತ್ತಾರೆ. ಅಂದರೆ ಸೀಟಿನ ಕೆಳಗೆ ಹಲ್ಲಿ ಇದ್ದರೆ ಹಲ್ಲಿಯೂ ನಿಮ್ಮದೇ. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಕೊನೇ ಸೆಕೆಂಡಿಗೆ ಹೊಡೆಯೋಣ ಅನ್ನುವ ಜಾಣತನ ನಡೆಯುವುದಿಲ್ಲ. ನಿಮ್ಮ ಬಿಡ್ ಎಲ್ಲಕ್ಕಿಂತ ಮೇಲಿದ್ದರೂ ಅವರು ಇಟ್ಟುಕೊಂಡ ಬೆಲೆಗೆ ಮುಟ್ಟದಿದ್ದರೆ ಎಸ್‌ಟಿಎ ಅಂತ ಬರುತ್ತದೆ, ಅಂದರೆ ಮೇಲಿನವರು ಒಪ್ಪಿದರೆ ಮಾತ್ರ. ಅದು ವಾರವೂ ಹಿಡಿಯಬಹುದು, ಜಾಸ್ತಿಯೂ ಹಿಡಿಯಬಹುದು. ಒಪ್ಪಿದ ಮೇಲೆ ಮಾಲಿನ ಬೆಲೆ, ಜಿಎಸ್‌ಟಿ, ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಕಟ್ಟಿದರೆ ಡೆಲಿವರಿ ಆರ್ಡರ್. ಹೇಳಿದ ದಿನದೊಳಗೆ ಎತ್ತದಿದ್ದರೆ ದಿನಕ್ಕಿಷ್ಟು ಅಂತ ನೆಲಬಾಡಿಗೆ ಬೀಳುತ್ತದೆ.

ಗೇಟ್ ಒಳಗೆ ಹೋಗುವಾಗ ಲಾರಿಯ ಇನ್ಶೂರೆನ್ಸ್, ಫಿಟ್‌ನೆಸ್, ಡ್ರೈವರ್ ಲೈಸೆನ್ಸ್, ಜೊತೆಗೆ ಹೋಗುವ ಹುಡುಗರಿಗೆ ಶೂ, ಹೆಲ್ಮೆಟ್. ಚಪ್ಪಲಿ ಹಾಕಿಕೊಂಡು ಬಂದ ಹಮಾಲಿಗಳನ್ನು ವಾಪಸ್ ಕಳಿಸಿ, ಲಾರಿ ಬಾಡಿಗೆ ದಂಡ ಆದವರನ್ನು ನಾನೇ ಎಷ್ಟೋ ನೋಡಿದ್ದೇನೆ.

ರಟ್ಟಿನಡಬ್ಬ

ಸರ್ ಹೇಳಿದ್ದೆಲ್ಲ ಸರಿ. ನನ್ನ ಒಬ್ಬ ಹುಡುಗ ಚಪ್ಪಲಿಯಲ್ಲೇ ಬಂದಿದ್ದ. ಗೇಟಿನ ಎದುರಿನ ಅಂಗಡಿಯಲ್ಲಿ ಶೂ ಬಾಡಿಗೆಗೆ ಸಿಗುತ್ತೆ! ಯಾರೋ ಒಬ್ಬರು ಆ ಧಂದೆಯನ್ನೂ ಮಾಡಿಕೊಂಡಿದ್ದಾರೆ.

ಈಗ ವಿಷಯ. ಗಾಡಿ ಶೆಡ್‌ಗೆ ಬಂತು, ಲಾರಿ ಮತ್ತು ಹೈಡ್ರಾ ಕ್ರೇನ್ ಎರಡಕ್ಕೂ ಸೇರಿ 14,000. ಕೈ ಬ್ರೇಕ್ ಹಿಡಿದುಕೊಂಡಿತ್ತು, ಮುಂದಿನ ಚಕ್ರ ತಿರುಗುತ್ತಿರಲಿಲ್ಲ, ಇಳಿಸುವಾಗ ಒಂದೂವರೆ ಗಂಟೆ ಒದ್ದಾಟ. ನಾಲ್ಕು ಕಾರ್ ಬ್ಯಾಟರಿ ಸಾಲಾಗಿ ಜೋಡಿಸಿ 48 ವೋಲ್ಟ್ ಕೊಟ್ಟೆವು. ಲೈಟ್ ಬಂತು, ಹಾರ್ನ್ ಬಂತು. ಗಾಡಿ ಅಲುಗಾಡಲಿಲ್ಲ. ಕಾಂಟ್ಯಾಕ್ಟರ್ (ಮುಖ್ಯ ಕರೆಂಟ್ ಕೂಡಿಸುವ ದಪ್ಪ ಸ್ವಿಚ್) "ಟಕ್" ಅನ್ನಲೇ ಇಲ್ಲ. ಒಬ್ಬ ಮೆಕ್ಯಾನಿಕ್ ಬಂದು ನೋಡಿ ಕಂಟ್ರೋಲರ್ (ಮೋಟರ್‌ಗೆ ಕರೆಂಟ್ ಹದವಾಗಿ ಬಿಡುವ ಪೆಟ್ಟಿಗೆ) ಹೋಗಿದೆ, 60,000 ಆಗುತ್ತೆ ಅಂದು ಹೋದ. ಪೆಟ್ಟಿಗೆ ಬಿಚ್ಚಿಯೂ ನೋಡಲಿಲ್ಲ.

ಎಸ್‌ಪಿ ರೋಡ್ ಶಿಷ್ಯ

ಕಂಟ್ರೋಲರ್ ಪಾಪದ್ದು, ಎಲ್ಲ ತಪ್ಪು ಅದರ ತಲೆಗೇ. 10ರಲ್ಲಿ 7 ಸಲ ಅದು ಚೆನ್ನಾಗೇ ಇರುತ್ತೆ (ನನ್ನ ಬೆಂಚಿನ ಲೆಕ್ಕ ಇದು, ಬರೆದಿಟ್ಟ ಅಂಕಿ ಅಲ್ಲ). ಕೆಳಗಿಂದ ಬನ್ನಿ.

ಮೊದಲು ಎಚ್ಚರಿಕೆ. ಕಂಟ್ರೋಲರ್ ಒಳಗೆ ದಪ್ಪ ಕೆಪಾಸಿಟರ್‌ಗಳಿವೆ. ಬ್ಯಾಟರಿ ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಚಾರ್ಜ್ ಇರುತ್ತೆ. ಒಂದು ಬಲ್ಬ್ ಅಥವಾ 100 ಓಮ್‌ನ ದಪ್ಪ ರೆಸಿಸ್ಟರ್ ಹಚ್ಚಿ ಇಳಿಸಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಉಂಗುರ, ವಾಚು, ಕಡಗ ತೆಗೆದಿಡಿ. 48 ವೋಲ್ಟ್ ತಾನೇ ಅಂತ ಸ್ಪ್ಯಾನರ್ ಅಡ್ಡ ಬೀಳಿಸಿದರೆ ಸ್ಪ್ಯಾನರ್ ವೆಲ್ಡ್ ಆಗಿ ಅಲ್ಲೇ ಕೂರುತ್ತೆ. ಉಂಗುರ ಆದರೆ ಬೆರಳೂ ಹೋಗುತ್ತೆ.

ಈಗ ಕ್ರಮ. ಸೀಟಿನ ಕೆಳಗೆ ಮೈಕ್ರೋಸ್ವಿಚ್ ಇದೆ, ಯಾರೂ ಕೂತಿಲ್ಲ ಅಂದರೆ ಗಾಡಿ ಹೋಗಲ್ಲ. ಕೈ ಬ್ರೇಕ್‌ಗೂ ಒಂದು ಸ್ವಿಚ್ ಇರಬಹುದು. ಮತ್ತೆ ಆಕ್ಸಿಲರೇಟರ್ ಒತ್ತಿಕೊಂಡೇ ಕೀ ತಿರುಗಿಸಿದರೆ ಎಷ್ಟೋ ಕಂಟ್ರೋಲರ್‌ಗಳು ಬೇಕೆಂದೇ ಸುಮ್ಮನಿರುತ್ತವೆ, ಗಾಡಿ ಎಗರಬಾರದು ಅಂತ. ಕೂತುಕೊಳ್ಳಿ, ಕೀ ಹಾಕಿ, ಮುಂದೆ-ಹಿಂದೆ ಲಿವರ್ ಹಾಕಿ, ಕೊನೆಗೆ ಪೆಡಲ್. ನಿಮ್ಮ ಮೆಕ್ಯಾನಿಕ್ ನೆಲದಲ್ಲಿ ನಿಂತು ಪೆಡಲ್ ಕೈಯಲ್ಲಿ ಒತ್ತಿಲ್ಲ ತಾನೇ?

ಆಮೇಲೆ ಕಾಂಟ್ಯಾಕ್ಟರ್ ಕಾಯಿಲ್‌ಗೆ ವೋಲ್ಟ್ ಬರುತ್ತಿದೆಯಾ ನೋಡಿ. ಅದರ ಎರಡು ದಪ್ಪ ಬೋಲ್ಟ್‌ಗಳ ಮಧ್ಯೆ ಒಂದು ರೆಸಿಸ್ಟರ್ ಇರುತ್ತೆ, ಪ್ರೀಚಾರ್ಜ್ ಅಂತಾರೆ. ಕೆಪಾಸಿಟರ್‌ಗಳನ್ನು ನಿಧಾನ ತುಂಬಿಸುವುದು ಅದರ ಕೆಲಸ. ಅದು ಸುಟ್ಟಿದ್ದರೆ ಕಾಂಟ್ಯಾಕ್ಟರ್ ಕೂಡುವಾಗ ಕಿಡಿ ಹಾರಿ ಪಾಯಿಂಟ್ ಅಂಟಿಕೊಳ್ಳುತ್ತೆ.

ಮೋಟರ್‌ನ ಕಾರ್ಬನ್ ಬ್ರಷ್‌ಗಳನ್ನು ಕೈಯಲ್ಲಿ ಎತ್ತಿ ಬಿಡಿ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಗೂಡಿನಲ್ಲೇ ಕಚ್ಚಿಕೊಂಡಿರುತ್ತವೆ. ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಉರುಳೆ) ಹಸಿರು ಹಿಡಿದಿದ್ದರೆ ನುಣುಪು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಎಮರಿ ಬೇಡವೇ ಬೇಡ, ಅದರ ಪುಡಿ ಕರೆಂಟ್ ಹಾಯಿಸುತ್ತೆ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವುದಾದರೆ ಕಂಟ್ರೋಲರ್ ವೈರ್ ಬಿಚ್ಚಿ ಹಾಕಿ, ಇಲ್ಲದಿದ್ದರೆ ಆ 60,000 ನಿಜವಾಗಲೂ ಆಗುತ್ತೆ.

ಒಂದು ಮರೆತೆ. ಇದು ಸೀರೀಸ್ ಮೋಟರ್. ಜಾಕ್ ಮೇಲೆ ಎತ್ತಿ ಪರೀಕ್ಷೆ ಮಾಡುವಾಗ ನೇರ 48 ವೋಲ್ಟ್ ಕೊಡಬೇಡಿ. ಭಾರ ಇಲ್ಲದಿದ್ದರೆ ಅದು ವೇಗ ಹತ್ತುತ್ತಲೇ ಹೋಗುತ್ತೆ. ಒಂದೇ ಕಾರ್ ಬ್ಯಾಟರಿ, 12 ವೋಲ್ಟ್ ಸಾಕು.

ರಟ್ಟಿನಡಬ್ಬ

ಗುರುಗಳೇ ಸೀಟ್ ಸ್ವಿಚ್! ಒಳಗೆ ಇಲಿ ಗೂಡು ಕಟ್ಟಿ ಸ್ವಿಚ್‌ನ ನಾಲಿಗೆ ಒತ್ತಿಕೊಳ್ಳದ ಹಾಗೆ ಮಾಡಿತ್ತು. ಹೊಸ ಸ್ವಿಚ್ 180 ರೂಪಾಯಿ. "ಟಕ್" ಅಂತು ನೋಡಿ, ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಗಾಡಿ ಓಡಿಸುವ ಟ್ರ್ಯಾಕ್ಷನ್ ಮೋಟರ್‌ನ ನಾಲ್ಕು ಬ್ರಷ್‌ಗಳಲ್ಲಿ ಎರಡು ಕಚ್ಚಿಕೊಂಡಿದ್ದವು, ನೀವು ಹೇಳಿದ ಹಾಗೇ.

ಮೆಕ್ಯಾನಿಕ್ ನೆಲದಲ್ಲೇ ನಿಂತಿದ್ದ, ಪೆಡಲ್ ಕೈಯಲ್ಲೇ ಒತ್ತಿದ್ದ. ನಿಮಗೆ ಹೇಗೆ ಗೊತ್ತಾಯಿತು?

ಎಸ್‌ಪಿ ರೋಡ್ ಶಿಷ್ಯ

ನಾನೂ ಹಾಗೇ ಒತ್ತಿ, ನಾನೂ ಕಂಟ್ರೋಲರ್ ಹೋಗಿದೆ ಅಂದವನೇ. 2009ರಲ್ಲಿ.

ಉದ್ಯಮಬಾಗದಾಂವ

ಬೆಳಗಾವಿಯಿಂದ ನಮಸ್ಕಾರ್ರೀ. ಕರೆಂಟಿನ ಕಡೆ ಎಲ್ಲಾರೂ ಹೇಳಿದರು, ಹೈಡ್ರಾಲಿಕ್ ಕಡೆ ಯಾರೂ ನೋಡಲಿಲ್ಲ. ನಮ್ಮ ಕೆಲಸ ಅದೇ.

ಟ್ಯಾಂಕ್ ಎಣ್ಣೆ ಒಂದು ಗಾಜಿನ ಬಾಟಲಿಗೆ ತೆಗೀರಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಪೂರ್ತಿ ಚೆಲ್ಲಿ ಫಿಲ್ಟರ್ ಬದಲಿಸಿ. ಪ್ಲೇಟಿನ ಮೇಲೆ ಏನು ಬರೆದಿದೆಯೋ ಅದೇ ಗ್ರೇಡ್ ಹಾಕಿ, ಸಾಮಾನ್ಯವಾಗಿ 46 ಇಲ್ಲ 68. ಸಿಲಿಂಡರಿನ ರಾಡ್ ಮೇಲೆ ಉಗುರು ಎಳೀರಿ. ಉಗುರು ಸಿಕ್ಕಿಕೊಂಡರೆ ಬರೀ ಸೀಲ್ ಹಾಕಿ ಉಪಯೋಗ ಇಲ್ಲರೀ, ಆ ಗೀರು ಹೊಸ ಸೀಲನ್ನೂ ತಿಂತದ. ರಾಡ್ ಗ್ರೈಂಡ್ ಮಾಡಿ ಕ್ರೋಮ್ ಹಾಕಿಸಬೇಕು.

ಮಾಸ್ಟ್ ಚೈನ್ ಅಳತೆ ಮಾಡಿ. ಕಣ್ಣಿಗೆ ಚಲೋ ಕಾಣ್ತದ, ಆದರೆ ಪಿನ್ನು ಸವೆದು ಉದ್ದ ಆಗಿರ್ತದ. ನಿಮ್ಮ ಚೈನಿನ ಪಿಚ್, ಅಂದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ ದೂರ, 15.875 ಮಿಮೀ ಇದ್ದರೆ 20 ಪಿಚ್‌ಗೆ 317.5 ಮಿಮೀ ಬರಬೇಕು. 327 ಮುಟ್ಟಿತು ಅಂದರೆ 3 ಪರ್ಸೆಂಟ್ ಹಿಗ್ಗಿದೆ, ತೆಗೆದು ಒಗೀರಿ. ರಾಟೆ ಮೇಲೆ ಓಡಾಡುವ ಭಾಗದಲ್ಲೇ ಅಳೀರಿ, ತುದಿಯಲ್ಲಿ ಅಳೆದರೆ ಏನೂ ತಿಳಿಯೋದಿಲ್ಲ.

ಫೋರ್ಕ್ ಹಿಮ್ಮಡಿ ಅಂದರೆ ಬಗ್ಗಿದ ಜಾಗ, ಅಲ್ಲಿ ದಪ್ಪ 10 ಪರ್ಸೆಂಟ್ ಸವೆದರೆ ಎತ್ತುವ ಶಕ್ತಿ ಸುಮಾರು 20 ಪರ್ಸೆಂಟ್ ಹೋಯಿತು ಅಂತ ಲೆಕ್ಕ. 35 ಮಿಮೀ ಇದ್ದದ್ದು 31.5 ಆದರೆ ಮುಗೀತು. ಅದಕ್ಕೆ ವೆಲ್ಡಿಂಗ್ ಮಾಡಿ ದಪ್ಪ ಮಾಡ್ತೇನಿ ಅನ್ನುವ ಮನುಷ್ಯನನ್ನು ಗೇಟಿನ ಒಳಗೆ ಬಿಡಬ್ಯಾಡ್ರಿ.

ರಟ್ಟಿನಡಬ್ಬ

ಚೈನ್ 321, ಪರವಾಗಿಲ್ಲ. ಮಾಸ್ಟ್ ಬಾಗಿಸುವ ಟಿಲ್ಟ್ ಸಿಲಿಂಡರ್ ಎರಡಕ್ಕೂ ಸೀಲ್ ಹಾಕಿಸಿದೆ, ಹೋಸ್ ನಾಲ್ಕು ಹೊಸದು. ಎಣ್ಣೆ ಬೆಳ್ಳಗೇ ಇತ್ತು, ಬದಲಾಯಿಸಿದೆ.

ಈಗ ಒಂದು ತಪ್ಪೊಪ್ಪಿಗೆ. ಶುಕ್ರವಾರ ಸಂಜೆ ಪೇಪರ್ ಲಾರಿ ಬಂತು, ಬಾಡಿಗೆ ಗಾಡಿಯವನು ಬರಲಿಲ್ಲ. ನಮ್ಮದು ಎತ್ತುತ್ತದಲ್ಲಾ, ನಾಲ್ಕು ಕಾರ್ ಬ್ಯಾಟರಿಯಲ್ಲೇ ಒಂದು ರೀಲ್ ಇಳಿಸೋಣ ಅಂದುಕೊಂಡೆ. ದಪ್ಪ ರೀಲ್, 1,200 ಕೆಜಿ ಹತ್ತಿರ. ಗಾಡಿ ಒಂದೂವರೆ ಟನ್ನಿನದು ಅಲ್ವಾ, ಇನ್ನೂ 300 ಕೆಜಿ ಬಾಕಿ ಇದೆ ಅಂತ ನನ್ನ ಲೆಕ್ಕ. ಎತ್ತಿತು. ಹಿಂದಕ್ಕೆ ಬಂದು, ತಿರುಗಿಸಿ ಮುಂದಕ್ಕೆ ಹೋಗುತ್ತಾ ಬ್ರೇಕ್ ಒತ್ತಿದೆ. ಮಾಸ್ಟ್ ಸ್ವಲ್ಪ ಮುಂದಕ್ಕೆ ಬಾಗಿತ್ತು, ಟಿಲ್ಟ್ ಇನ್ನೂ ಸರಿ ಇರಲಿಲ್ಲ. ಹಿಂದಿನ ಚಕ್ರ ಎರಡೂ ನೆಲ ಬಿಟ್ಟವು. ಸೀಟಿನಲ್ಲಿ ಕೂತವನು ಮೇಲೆ ಹೋದೆ. ರೀಲ್ ದಡ್ ಅಂತ ನೆಲಕ್ಕೆ ಕೂತಿತು, ಗಾಡಿ ದಡ್ ಅಂತ ಹಿಂದಕ್ಕೆ ಬಿತ್ತು. ಯಾರೂ ಹತ್ತಿರ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ರಾತ್ರಿ ಊಟ ಸೇರಲಿಲ್ಲ.

ಬೈಕಂಪಾಡಿ

ಎಂತ ಮಾರಾಯ್ರೆ, ಬ್ಯಾಟರಿ ಇಲ್ಲದೆ ಎತ್ತಿದಿರಾ? ಏತದ ಹಿಂದಿನ ಕಲ್ಲು ತೆಗೆದು ನೀರು ಎತ್ತಲಿಕ್ಕೆ ಹೋದ ಹಾಗಾಯಿತು.

ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿ ಅಂದರೆ ಬರೀ ಕರೆಂಟ್ ಅಲ್ಲ, ಅದೇ ಕಲ್ಲು. ಲೆಕ್ಕ ಹಾಕಿ ನೋಡುವ. ಮುಂದಿನ ಚಕ್ರದ ಅಚ್ಚೇ ತಕ್ಕಡಿಯ ನಡು. ಅಚ್ಚಿನಿಂದ ಫೋರ್ಕಿನ ಬುಡಕ್ಕೆ 40 ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಈ ಸೈಜಿನ ಗಾಡಿಗೆ ಲೋಡ್ ಸೆಂಟರ್, ಅಂದರೆ ಫೋರ್ಕಿನ ಬುಡದಿಂದ ಭಾರದ ನಡುವಿಗೆ ದೂರ, 50 ಸೆಂಟಿಮೀಟರ್. ಒಟ್ಟು 90. 1,500 ಕೆಜಿಗೆ 1,350 ಕೆಜಿ-ಮೀಟರ್ ಬಂತು. ಇದರ ಮೇಲೆ ಕಂಪನಿಯವರು ಒಂದಿಷ್ಟು ಮಾರ್ಜಿನ್ ಇಟ್ಟಿರುತ್ತಾರೆ, ಒಟ್ಟು 1,750 ಇರಲಿ. 48 ವೋಲ್ಟ್ 500 ಎಎಚ್‌ನ (ಆಂಪಿಯರ್-ಗಂಟೆ) ಸೀಸದ ಬ್ಯಾಟರಿ ಸುಮಾರು 750 ಕೆಜಿ, ಅದರ ನಡುಭಾಗ ಅಚ್ಚಿನಿಂದ 70 ಸೆಂಟಿಮೀಟರ್ ಹಿಂದೆ ಅಂದರೆ 525. ಅದು ಹೋಯಿತು, ಉಳಿದದ್ದು 1,225. ನಿಮ್ಮ ರೀಲ್ ದಪ್ಪ, ಅದರ ನಡು 60 ಸೆಂಟಿಮೀಟರ್ ಮುಂದೆ. 1,200 ಸಲ 1 ಮೀಟರ್, 1,200. ಅಂಚಿನಲ್ಲೇ ಇದ್ದಿರಿ ನೀವು. ಮಾಸ್ಟ್ ಮುಂದೆ ಬಾಗಿದ್ದು, ಬ್ರೇಕ್ ಹಾಕಿದ್ದು, ಅಷ್ಟು ಸಾಕಾಯಿತು.

ಡೇಟಾ ಪ್ಲೇಟ್ ನೋಡಿ, ಬ್ಯಾಟರಿಯ ಕನಿಷ್ಠ ತೂಕ ಅಂತ ಬರೆದಿರುತ್ತಾರೆ.

ರಟ್ಟಿನಡಬ್ಬ

ನೋಡಿದೆ. ಕನಿಷ್ಠ 700 ಕೆಜಿ. ಪೇಂಟ್ ಕೆರೆದ ಮೇಲೆ ಕಂಡಿತು.

ಅಂದರೆ ಲಿಥಿಯಂ ಹಾಕುವ ಹಾಗೇ ಇಲ್ಲವಾ? ನೀರು ಹಾಕುವ ಕೆಲಸ ಇಲ್ಲ, ಎರಡು ಗಂಟೆಯಲ್ಲಿ ಚಾರ್ಜ್ ಅಂತ ಒಬ್ಬರು ಆಸೆ ಹುಟ್ಟಿಸಿದ್ದಾರೆ.

ಬೈಕಂಪಾಡಿ

ಹಾಕಬಹುದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ 16 ಜೋಡಿಸಿದರೆ 51.2 ವೋಲ್ಟ್. ಪ್ಯಾಕ್ 250 ಕೆಜಿಯೊಳಗೇ ಬರುತ್ತದೆ. ಉಳಿದ 450-500 ಕೆಜಿಗೆ ಉಕ್ಕು ತುಂಬಬೇಕು. 80 ಉದ್ದ, 60 ಅಗಲ, 13 ಸೆಂಟಿಮೀಟರ್ ದಪ್ಪದ ಉಕ್ಕಿನ ಹಲಗೆ ಸುಮಾರು 490 ಕೆಜಿ ಆಗುತ್ತದೆ. ಅದನ್ನು ಅಲುಗದ ಹಾಗೆ ಬೋಲ್ಟ್ ಮಾಡಬೇಕು, ಸುಮ್ಮನೆ ಕಲ್ಲು ಮರಳು ಚೀಲ ಹಾಕುವುದಲ್ಲ.

ಇನ್ನೊಂದು ತೊಂದರೆ ಉಂಟು. ಹಳೇ ಗಾಡಿಯ ಬ್ಯಾಟರಿ ಮೀಟರ್ ವೋಲ್ಟ್ ನೋಡಿ ಹೇಳುವುದು. ಲಿಥಿಯಂ ವೋಲ್ಟ್ ಕೊನೆಯವರೆಗೂ ಇಳಿಯುವುದಿಲ್ಲ, ಹಾಗಾಗಿ ಮೀಟರ್ ಫುಲ್ ಫುಲ್ ಅನ್ನುತ್ತಾ ಇರುತ್ತದೆ. ಒಮ್ಮೆಲೇ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, ಕಟ್ ಮಾಡುತ್ತದೆ. ಮೂರು ಮೀಟರ್ ಎತ್ತರದಲ್ಲಿ ರೀಲ್ ಇಟ್ಟುಕೊಂಡು ನಿಂತರೆ? ಬಿಎಂಎಸ್ ಜೊತೆ ಮಾತಾಡುವ ಬೇರೆ ಮೀಟರ್ ಹಾಕಿಸಬೇಕು. ಪಂಪ್ ಶುರುವಾಗುವಾಗ ಎಳೆಯುವ ಕರೆಂಟನ್ನೂ ಬಿಎಂಎಸ್ ತಾಳಬೇಕು. ಮೂರು ಪಾಳಿ ಓಡಿಸುವವರಿಗೆ ಸರಿ. ನಿಮಗೆ ದಿನಕ್ಕೆ ಎಷ್ಟು ಗಂಟೆ ಕೆಲಸ?

ರಟ್ಟಿನಡಬ್ಬ

ಎರಡೂವರೆ, ಮೂರು.

ಬೈಕಂಪಾಡಿ

ಹಾಗಾದರೆ ಸೀಸವೇ ಸಾಕು ಮಾರಾಯ್ರೆ.

ಗುಜರಿ ಗುಂಡ

ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಷನ್ ಬ್ಯಾಟರಿ ಇದೆ, 70,000. ಒಂದು ಪುಡಿ ಹಾಕಿ ಮೂರು ದಿನ ಚಾರ್ಜ್ ಮಾಡಿದ್ದೇನೆ, 50 ವೋಲ್ಟ್ ತೋರಿಸುತ್ತೆ.

ಸೆಲ್ ನಂಬರ್ 24

ಇಷ್ಟು ಹೊತ್ತು ಸುಮ್ನಿದ್ದೆ, ಪುಡಿ ಅಂದ ಕೂಡಲೇ ಎದ್ದೆ.

50 ವೋಲ್ಟ್ ಅಂದರೆ ಏನೂ ಅರ್ಥ ಇಲ್ಲ. ಭಾರ ಇಲ್ಲದೆ ಯಾವ ಮುದಿ ಬ್ಯಾಟರಿಯೂ 50 ತೋರಿಸುತ್ತೆ. 24 ಸೆಲ್ ಇವೆ, ಒಂದೊಂದೂ 2 ವೋಲ್ಟ್. ಫುಲ್ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಪ್ರತಿ ಸೆಲ್‌ನ ವೋಲ್ಟ್ ಮತ್ತು ಆಸಿಡ್‌ನ ಸಾಂದ್ರತೆ ಕಾಗದದಲ್ಲಿ ಬರೆಯಿರಿ. ಹೈಡ್ರೋಮೀಟರ್‌ನಲ್ಲಿ 1.270-1.290 ಬಂದರೆ ಆರೋಗ್ಯ. ಎಲ್ಲ 1.275 ಇದ್ದು ಒಂದು 1.220 ಇದ್ದರೆ ಆ ಒಂದು ಸೆಲ್ ಕಳ್ಳ. ಸಾಲಿನಲ್ಲಿ ಒಂದು ಎತ್ತು ಕುಂಟಿದರೆ ಗಾಡಿ ಕುಂಟುತ್ತೆ. ಇನ್ನೂ ಎಳೆದರೆ ಆ ಸೆಲ್ ಉಲ್ಟಾ ತಿರುಗುತ್ತೆ, ಪ್ಲಸ್ ಮೈನಸ್ ಅದಲು ಬದಲು.

ಆಮೇಲೆ ಪಂಪ್ ಓಡಿಸಿ ಭಾರ ಎತ್ತುತ್ತಾ ಮತ್ತೆ ವೋಲ್ಟ್ ನೋಡಿ. ಕಳ್ಳ ಸೆಲ್ 1.7ಕ್ಕಿಂತ ಕೆಳಗೆ ಜಾರುತ್ತೆ. ಇದನ್ನು ಎದುರಿಗೆ ಮಾಡಿ ತೋರಿಸದವರ ಹತ್ತಿರ ಹಳೇ ಬ್ಯಾಟರಿ ಕೊಳ್ಳಬೇಡಿ.

ಪುಡಿ ವಿಷಯ. ಬ್ಯಾಟರಿ ಅರೆ ಖಾಲಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಹರಳು ಕಟ್ಟುತ್ತೆ. ಕಡಿಮೆ ಆಂಪಿಯರ್‌ನಲ್ಲಿ ತುಂಬ ಹೊತ್ತು ಚಾರ್ಜ್ ಮಾಡಿದರೆ ಸ್ವಲ್ಪ ಕರಗಬಹುದು. ಅದಕ್ಕೆ ಪುಡಿ ಬೇಡ, ತಾಳ್ಮೆ ಬೇಕು. ಪ್ಲೇಟಿನ ಪುಡಿ ಉದುರಿ ತಳದಲ್ಲಿ ಗುಡ್ಡೆಯಾಗಿ ಶಾರ್ಟ್ ಆಗಿದ್ದರೆ ಯಾವ ದೇವರೂ ಏನೂ ಮಾಡಲಾರ.

ಗುಜರಿ ಗುಂಡ

ನಮ್ಮ ಪುಡಿಯಿಂದ ಎಂಟು ತಿಂಗಳು ಓಡಿದ್ದೂ ಇದೆ ಸಾರ್.

ಸೆಲ್ ನಂಬರ್ 24

ಅದು ಮೂರು ದಿನ ಚಾರ್ಜ್ ಮಾಡಿದ್ದರಿಂದ ಓಡಿದ್ದು. ಮುಂದಿನ ಸಲ ಪುಡಿ ಹಾಕದೆ ಮೂರು ದಿನ ಚಾರ್ಜ್ ಮಾಡಿ ನೋಡಿ, ಪುಡಿ ದುಡ್ಡು ಉಳಿಯುತ್ತೆ.

ಗುಜರಿ ಗುಂಡ

ಅದೂ ಸರಿನೇ ಅನ್ನಿ.

ರಟ್ಟಿನಡಬ್ಬ

ಗುಂಡಣ್ಣನ ಬ್ಯಾಟರಿ ನೋಡಲು ಹೋಗಿದ್ದೆ, ಮನುಷ್ಯ ಒಳ್ಳೆಯವರು, ಕಾಫಿ ಕೊಟ್ಟರು, 24ರಲ್ಲಿ 5 ಸೆಲ್ ಸತ್ತಿದ್ದವು. ಅವರೇ ಬೇಡ ಬಿಡಿ ಅಂದರು.

ಹೊಸ ಸೀಸದ ಬ್ಯಾಟರಿಯೇ ಹಾಕಿಸಿದೆ. 48 ವೋಲ್ಟ್ 500 ಎಎಚ್, ತೂಕ 742 ಕೆಜಿ, ವೇಬ್ರಿಡ್ಜ್ ಚೀಟಿ ಇಟ್ಟುಕೊಂಡಿದ್ದೇನೆ. ಜಿಎಸ್‌ಟಿ ಸೇರಿ 2,25,000. ಗಾಡಿಗಿಂತ ಬ್ಯಾಟರಿ ಜಾಸ್ತಿ! ಗಾಡಿ 1,36,000, ಅದಕ್ಕೆ ಜಿಎಸ್‌ಟಿ 24,480, ಸಾಗಣೆ 14,000, ಬ್ರಷ್ಷು ಸೀಲು ಹೋಸು ಎಣ್ಣೆ ಬ್ರೇಕು ಮುಂದಿನ ಎರಡು ಟೈರು ಎಲ್ಲ ಸೇರಿ 38,000. ಒಟ್ಟು 4,37,480. ಟಿಸಿಎಸ್ ಬಿಟ್ಟು, ಅದು ತೆರಿಗೆಯಲ್ಲಿ ವಾಪಸ್ ಸಿಗುತ್ತೆ. ಹರಾಜಿನಲ್ಲಿ ಕೂಗುವಾಗ ನನ್ನ ತಲೆಯಲ್ಲಿ ಇದ್ದದ್ದು ಎರಡು ಲಕ್ಷ.

ಖರ್ಚಿನ ಲೆಕ್ಕ

ಇಷ್ಟಕ್ಕೆ ಬಾಡಿಗೆ ಗಾಡಿಯೇ ವಾಸಿ ಅಲ್ವಾ? ಸುಮ್ನೆ ತಲೆನೋವು.

ರಟ್ಟಿನಡಬ್ಬ

ಬಾಡಿಗೆ ತಿಂಗಳಿಗೆ 28,000 ಹೋಗುತ್ತಿತ್ತು, ಡೀಸೆಲ್ ಬೇರೆ. ನೀವೇ ಹಾಕಿ ಲೆಕ್ಕ. ಮತ್ತೆ ಶುಕ್ರವಾರ ಸಂಜೆ ಅವನು ಬರುವುದಿಲ್ಲ.

ಹೊಸಬ

ಇದಕ್ಕೆ ಆರ್‌ಟಿಒ ನೋಂದಣಿ ಬೇಕಾ? ನಂಬರ್ ಪ್ಲೇಟ್?

ಹಳೇ ಸ್ಟೋರ್‌ಕೀಪರ್

ಕಾರ್ಖಾನೆ ಆವರಣದೊಳಗೆ ಮಾತ್ರ ಓಡುವ ಗಾಡಿಯನ್ನು 1988ರ ಮೋಟಾರು ವಾಹನ ಕಾಯ್ದೆ ಮೋಟಾರು ವಾಹನ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಗೇಟ್ ದಾಟಿ ಎದುರು ಶೆಡ್‌ಗೆ ರಸ್ತೆ ಮೇಲೆ ಹೋಗುತ್ತೇನೆ ಅಂದರೆ ಆ ರಿಯಾಯಿತಿ ಇಲ್ಲ. ಎಲ್ಲರೂ ಹೋಗುತ್ತಾರೆ, ಅದು ಬೇರೆ ಮಾತು, ಏನಾದರೂ ಆದ ದಿನ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು.

ಭಾರ ಎತ್ತುವ ಯಂತ್ರ, ಚೈನುಗಳನ್ನು ವರ್ಷಕ್ಕೊಮ್ಮೆಯಾದರೂ ಸಮರ್ಥ ವ್ಯಕ್ತಿಯಿಂದ ತಪಾಸಣೆ ಮಾಡಿಸಬೇಕು ಅನ್ನುವುದು 1948ರ ಫ್ಯಾಕ್ಟರಿ ಕಾಯ್ದೆಯ 29ನೇ ಸೆಕ್ಷನ್‌ನಿಂದ ಬಂದ ಪದ್ಧತಿ. ರಟ್ಟಿನಡಬ್ಬದವರೇ, ಹಿಂದಿನ ಮಾಲೀಕರ ಸರ್ಟಿಫಿಕೇಟ್ ನಿಮಗೆ ಬರುವುದಿಲ್ಲ, ಹೊಸದಾಗಿ ಲೋಡ್ ಟೆಸ್ಟ್ ಮಾಡಿಸಿ. ಓಡಿಸುವ ಹುಡುಗನಿಗೂ ತರಬೇತಿ ಕೊಡಿಸಿ.

ಸೆಲ್ ನಂಬರ್ 24

ಚಾರ್ಜಿಂಗ್ ಜಾಗ ಎಲ್ಲಿ ಮಾಡಿದ್ದೀರಿ? ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ. ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು. ನಿಮ್ಮದು ಕಾಗದದ ಕಾರ್ಖಾನೆ ಬೇರೆ! ಸೀಟು ಎತ್ತಿಡಿ, ಮುಚ್ಚಬೇಡಿ. ಬೀಡಿ ಸೇದುವವರನ್ನು ದೂರ ಇಡಿ. ಪ್ಲಗ್ ಕೀಳುವ ಮೊದಲು ಚಾರ್ಜರ್ ಆಫ್ ಮಾಡಿ. ಒಂದು ಡಬ್ಬ ಅಡಿಗೆ ಸೋಡ ಇಟ್ಟಿರಿ, ಆಸಿಡ್ ಚೆಲ್ಲಿದರೆ ಹಾಕಲು. ಕಣ್ಣಿಗೆ ಬಿದ್ದರೆ ನೀರು, ನೀರು, ನೀರು, ಕಾಲು ಗಂಟೆ ಬಿಡದೆ, ಆಮೇಲೆ ಡಾಕ್ಟರು.

80 ಪರ್ಸೆಂಟ್‌ಗಿಂತ ಜಾಸ್ತಿ ಖಾಲಿ ಮಾಡಬೇಡಿ. ನೀರು ಡಿಸ್ಟಿಲ್ಡ್ ಮಾತ್ರ, ಬೋರ್‌ವೆಲ್ ನೀರು ಹಾಕಿದ ದಿನವೇ ಅದರ ಆಯಸ್ಸು ಬರೆಯಿರಿ. ಚಾರ್ಜ್ ಆದ ಮೇಲೆ ಹಾಕಿ, ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರುತ್ತೆ.

ರಟ್ಟಿನಡಬ್ಬ

ಹಿಂದಿನ ತೆರೆದ ಚಾವಣಿ ಕೆಳಗೆ ಮಾಡಿದ್ದೇನೆ, ಪೇಪರ್‌ನಿಂದ 15 ಮೀಟರ್ ದೂರ. ಚಾರ್ಜರ್ 80 ಆಂಪಿಯರ್ ತ್ರೀ ಫೇಸ್, ಗಾಡಿ ಜೊತೆಗೇ ಬಂದದ್ದು, ಟೈಮರ್ ಮಾತ್ರ ಹೋಗಿತ್ತು. ರಾತ್ರಿ 9ಕ್ಕೆ ಹಾಕಿದರೆ ಬೆಳಗ್ಗೆ ತಯಾರು. ಲೋಡ್ ಟೆಸ್ಟ್ ಆಯಿತು, ಚೀಟಿ ಬಂತು. ಆಯುಧ ಪೂಜೆಗೆ ಇದಕ್ಕೇ ಮೊದಲ ಕುಂಬಳಕಾಯಿ. ಆ 180 ರೂಪಾಯಿ ಸ್ವಿಚ್‌ಗೆ ಹುಡುಗರು ಬೇರೆಯಾಗಿ ಕುಂಕುಮ ಹಚ್ಚಿದ್ದಾರೆ, ಸದ್ಯ ಒಳಗೆ ಹೋಗಿಲ್ಲ.

ಒಂದು ಅನುಮಾನ. ಇವತ್ತು ಬೆಳಗ್ಗೆ ಹೈಡ್ರೋಮೀಟರ್ ಹಾಕಿದೆ. 23 ಸೆಲ್ 1.275ರಿಂದ 1.285. ಏಳನೆಯದು 1.240. ಹೊಸ ಬ್ಯಾಟರಿ ಸ್ವಾಮಿ! ಎದೆ ಧಸಕ್ ಅಂತು.

ಸೆಲ್ ನಂಬರ್ 24

ನೀರು ಯಾವಾಗ ಹಾಕಿದಿರಿ?

ರಟ್ಟಿನಡಬ್ಬ

ಬೆಳಗ್ಗೆಯೇ, ಚಾರ್ಜ್ ಮುಗಿದ ಮೇಲೆ. ಏಳನೆಯದರಲ್ಲಿ ಮಾತ್ರ ಸ್ವಲ್ಪ ಕಡಿಮೆ ಇತ್ತು, ಅದಕ್ಕೆ ಹಾಕಿದೆ. ಹಾಕಿ ಐದು ನಿಮಿಷಕ್ಕೆ ಅಳೆದೆ.

ಸೆಲ್ ನಂಬರ್ 24

ನೀವು ಆಸಿಡ್ ಅಳೆದಿಲ್ಲ, ಈಗಷ್ಟೇ ಹಾಕಿದ ನೀರನ್ನು ಹೀರಿ ಅಳೆದಿದ್ದೀರಿ. ಅದು ಇನ್ನೂ ಮೇಲೇ ತೇಲುತ್ತಿದೆ. ಟ್ರೇ ತಳ ಒದ್ದೆ ಇದೆಯಾ?

ರಟ್ಟಿನಡಬ್ಬ

ಟಾರ್ಚ್ ಹಾಕಿ ನೋಡಿದೆ. ಒಣಗಿದೆ.

ಸೆಲ್ ನಂಬರ್ 24

ಹಾಗಿದ್ರೆ ಇವತ್ತು ಮಾಮೂಲಿ ಕೆಲಸ ಮಾಡಿಸಿ, ರಾತ್ರಿ ಚಾರ್ಜ್ ಹಾಕಿ. ನಾಳೆ ನೀರು ಮುಟ್ಟದೆ ಏಳನೇ ಸೆಲ್ ನೋಡಿ ಬರೆಯಿರಿ.

ರಟ್ಟಿನಡಬ್ಬ

ಸರಿ. ನಾಳೆ 7 ಗಂಟೆಗೆ ನೋಡಿ ಹೇಳುತ್ತೇನೆ.